ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ, ಅಂದ್ರೆ ಇನ್ಫೆಕ್ಷನ್ ಅಲ್ವಾ?

ಪ್ರಶ್ನೆ: ಜಾಸ್ತಿ ಬಿಳಿ ಹೋಗ್ತಿದೆ ಅಂತ ಸ್ವಾಬ್ ಕಲ್ಚರ್ (ಹತ್ತಿಕಡ್ಡಿಯಲ್ಲಿ ದ್ರವ ತೆಗೆದು ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಮಾಡಿಸಿದೆ. ‘ಇ. ಕೋಲೈ’ ಬೆಳೆದಿದೆ ಅಂತ ರಿಪೋರ್ಟ್ ಬಂತು. ಅದೇ ಕಾರಣ ಅಲ್ವಾ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ ನನಗೇ ಲೆಕ್ಕ ಸಿಗುತ್ತಿಲ್ಲ. ಇರಲಿ, ಇನ್ನೊಂದು ಸಲ. ಬಹುತೇಕ ಅಲ್ಲ.

ಯೋನಿಯಲ್ಲಿ ಬ್ಯಾಕ್ಟೀರಿಯಾ ಇರಬಾರದು ಅಂತ ನಿಮಗೆ ಯಾರು ಹೇಳಿದ್ದು? ಇರಲೇಬೇಕು. ಲ್ಯಾಕ್ಟೋಬ್ಯಾಸಿಲಸ್ ಎಂಬ ಕಡ್ಡಿಯಂಥ ಜೀವಿಗಳನ್ನು ಜರ್ಮನಿಯ ವೈದ್ಯ ಡೋಡರ್ಲೈನ್ 1892ರಲ್ಲೇ ಅಲ್ಲಿ ಗುರುತಿಸಿದ್ದರು. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಜಾಗವನ್ನು ಹುಳಿಯಾಗಿಟ್ಟು ಕಾಯುತ್ತವೆ. ಇ. ಕೋಲೈ, ಎಂಟರೋಕಾಕಸ್ ಕರುಳಿನಲ್ಲಿ ವಾಸಿಸುವಂಥವು. ಪಕ್ಕದ ಮನೆಯವು ಅಂಗಳಕ್ಕೆ ಬಂದು ಹೋಗುತ್ತವೆ, ಅಷ್ಟೇ. ಕಲ್ಚರ್ ತಟ್ಟೆಯಲ್ಲಿ ಮೊದಲು ತುಂಬಿಕೊಳ್ಳುವುದು ಸುಲಭವಾಗಿ ಬೆಳೆಯುವ ಜೀವಿ. ತೊಂದರೆ ಕೊಡುತ್ತಿರುವುದೂ ಅದೇ ಆಗಿರಬೇಕಿಲ್ಲ.

ರಿಪೋರ್ಟ್‌ನ ಕೆಳಗಿರುವ ಆಂಟಿಬಯೋಟಿಕ್ ಪಟ್ಟಿ ನೋಡಿ ಮೋಸ ಹೋಗಬೇಡಿ. ಆ ಜೀವಿಯನ್ನು ಯಾವ ಔಷಧ ಕೊಲ್ಲುತ್ತದೆ ಅಂತ ಅದು ಹೇಳುತ್ತದೆ. ಕೊಲ್ಲಬೇಕೋ ಬೇಡವೋ ಅಂತ ಹೇಳುವುದಿಲ್ಲ. ಸುಮ್ನೆ ನುಂಗಿದರೆ ಕಾವಲಿಗಿದ್ದ ಲ್ಯಾಕ್ಟೋಬ್ಯಾಸಿಲಸ್‌ಗಳೂ ಸಾಯಬಹುದು.

ಸಿಕ್ಕ ಜೀವಿಯೇ ಕಾರಣ ಅನ್ನುವ ಈ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. ಮೀನಿನ ವಾಸನೆಯ ತೆಳು ಬಿಳಿಗೆ, ಅಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್‌ಗೆ, ಒಂದೇ ಜೀವಿ ಕಾರಣ ಅಂತ 1955ರಲ್ಲಿ ಅಮೆರಿಕದ ಸಂಶೋಧಕರಾದ ಗಾರ್ಡ್ನರ್ ಮತ್ತು ಡ್ಯೂಕ್ಸ್ ಬರೆದರು. ಆ ಜೀವಿಯ ಇವತ್ತಿನ ಹೆಸರೇ ಗಾರ್ಡ್ನರೆಲ್ಲಾ. ಆಮೇಲೆ ನೋಡಿದರೆ ಏನೂ ತೊಂದರೆ ಇಲ್ಲದ ಎಷ್ಟೋ ಹೆಂಗಸರಲ್ಲೂ ಅದು ಸಿಕ್ಕಿತು! ಅಲ್ಲಿ ಕೆಟ್ಟಿರುವುದು ಇಡೀ ಗುಂಪಿನ ಸಮತೋಲನ. ಅದಕ್ಕೇ ಇದನ್ನು ಪತ್ತೆಹಚ್ಚಲು ಕಲ್ಚರ್ ಬೇಡ, ಸೂಕ್ಷ್ಮದರ್ಶಕದಲ್ಲಿ ನೋಡುವ ಒಂದು ಸ್ಲೈಡ್ ಸಾಕು. ಆರೋಗ್ಯವಾಗಿರುವ ಯೋನಿಯ ಜೀವಕೋಶದ ಅಂಚು ಕತ್ತರಿಸಿದ ಕಾಗದದಷ್ಟು ಚೂಪಾಗಿ ಕಾಣುತ್ತದೆ. ವಜೈನೋಸಿಸ್‌ನಲ್ಲಿ ಇರುವೆ ಮುತ್ತಿದ ಹಾಗೆ ಬ್ಯಾಕ್ಟೀರಿಯಾ ಅಂಟಿಕೊಂಡು ಅಂಚೇ ಮಸುಕಾಗಿರುತ್ತದೆ. ಇದೇ ಕ್ಲೂ ಸೆಲ್. ಒಮ್ಮೆ ನೋಡಿದವರು ಮರೆಯುವುದಿಲ್ಲ, ನನ್ನ ವಿದ್ಯಾರ್ಥಿಗಳನ್ನೇ ಕೇಳಿ. ಸ್ಲೈಡ್‌ಗೆ ಬಣ್ಣ ಹಾಕಿ, ಯಾವ ಆಕಾರದ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಎಣಿಸಿ 0ಯಿಂದ 10ರವರೆಗೆ ಅಂಕ ಕೊಡುವುದು ನ್ಯೂಜೆಂಟ್ ಪದ್ಧತಿ, 1991ರದ್ದು. 7 ದಾಟಿದರೂ ಸರಿ, 7 ಇದ್ದರೂ ಸರಿ, ವಜೈನೋಸಿಸ್.

ಗರ್ಭಿಣಿಯರಲ್ಲಿ ಸಿಗುವ ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಲೆಕ್ಕ ಮಾತ್ರ ಬೇರೆ. ತಾಯಿಗೆ ಏನೂ ಆಗದಿದ್ದರೂ ಹೆರಿಗೆಯಲ್ಲಿ ಮಗುವಿಗೆ ಹರಡಬಹುದು, ಅದನ್ನು ಡಾಕ್ಟರಿಗೆ ತಿಳಿಸಲೇಬೇಕು.

ಇನ್ನು ‘ಏನೂ ಬೆಳೆದಿಲ್ಲ’ ಅಂತ ಬಂದರೆ ನಿರಾಳ ಆಗಬಹುದಾ? ಅದೂ ಇಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಮಾತ್ರ ಬೆಳೆಯುವುದರಿಂದ ಮಾಮೂಲಿ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಎಷ್ಟೋ ಸಲ ಲಕ್ಷಣವನ್ನೂ ತೋರಿಸದೆ ಗರ್ಭನಾಳದವರೆಗೆ ಹೋಗಿ ಮಕ್ಕಳಾಗದ ಹಾಗೆ ಮಾಡಬಲ್ಲದು. ಅದಕ್ಕೆ ಜೀವಿಯ ಡಿಎನ್‌ಎ ಹುಡುಕುವ ಪಿಸಿಆರ್‌ನಂಥ ಪರೀಕ್ಷೆಯೇ ಬೇಕು. ಹಾಗೇ ಹರಡುವ ಗೊನೋರಿಯಾ ರೋಗಕ್ಕೂ ಅದೇ ಒಳ್ಳೆಯದು.

ಅಂದಹಾಗೆ, ಇಂಥ ರಿಪೋರ್ಟ್‌ಗಳಲ್ಲಿ ಕಾಣುವ ‘ಗ್ರಾಂ ನೆಗೆಟಿವ್’ನಲ್ಲಿರುವ ಗ್ರಾಂ ತೂಕ ಅಲ್ಲ. 1884ರಲ್ಲಿ ಸ್ಲೈಡ್‌ಗೆ ಬಣ್ಣ ಹಾಕುವ ಈ ವಿಧಾನ ಪ್ರಕಟಿಸಿದ ಡೆನ್ಮಾರ್ಕ್‌ನ ವೈದ್ಯರ ಹೆಸರು. ನೇರಳೆ ಬಣ್ಣ ನಿಲ್ಲುವುದೋ (ಪಾಸಿಟಿವ್) ಬಿಡುವುದೋ (ನೆಗೆಟಿವ್) ಅನ್ನುವುದು ಬ್ಯಾಕ್ಟೀರಿಯಾದ ಗೋಡೆಯ ಮೇಲೆ ನಿಂತಿದೆ. ಗರ್ಭಕಂಠಕ್ಕೆ ಸೋಂಕು ತರುವ ಮೈಕೋಪ್ಲಾಸ್ಮಾ ಜೆನಿಟೇಲಿಯಂಗೆ ಆ ಗೋಡೆಯೇ ಇಲ್ಲ. ಹಾಗಾಗಿ ಈ ಸ್ಲೈಡ್‌ನಲ್ಲಿ ಅದು ಕಾಣುವುದಿಲ್ಲ. ಗೋಡೆ ಒಡೆದು ಕೊಲ್ಲುವ ಪೆನಿಸಿಲಿನ್‌ಗೂ ಅದು ಬಗ್ಗುವುದಿಲ್ಲ.