220 ಸೆರೆಕೋಣೆ, 18 ಅತಿಥಿ ಕೊಠಡಿ

ಹಳೆಯ ಕಟ್ಟಡವೊಂದನ್ನು ಹೋಟೆಲ್ ಮಾಡಬೇಕೆಂದು ಯಾರಾದರೂ ನಕ್ಷೆ ತಂದರೆ ನಾನು ಮೊದಲು ನೋಡುವುದು ಕಂಬಗಳ ಕುಸುರಿಯನ್ನಲ್ಲ, ಬಚ್ಚಲಿನ ನೀರು ಎಲ್ಲಿ ಇಳಿದು ಎಲ್ಲಿಗೆ ಹೋಗಬೇಕು ಎಂಬುದನ್ನು. ಕೊಠಡಿಗೊಂದು ಬಚ್ಚಲೆಂದರೆ ಬಚ್ಚಲಿಗೊಂದಿಷ್ಟು ಪೈಪು, ಪ್ರತಿ ಪೈಪಿಗೂ ಗೋಡೆಯಲ್ಲೋ ನೆಲದಲ್ಲೋ ಒಂದು ತೂತು. ಸಂರಕ್ಷಣೆಯ ಕೆಲಸದಲ್ಲಿ ನಾನು ಕಂಡಂತೆ, ಇಂಥ ಕಟ್ಟಡಗಳು ಸೋಲುವುದು ಈ ತೂತುಗಳಿಂದಲೇ. ಸೋಲದೆ ಉಳಿದದ್ದು ಯಾವುದು ಎಂದು ಕೇಳಿದರೆ ನಾನು ಅಮೆರಿಕದ ಬಾಸ್ಟನ್ ನಗರದ ಚಾರ್ಲ್ಸ್ ಸ್ಟ್ರೀಟ್ ಸೆರೆಮನೆಯ ಹೆಸರು ಹೇಳುತ್ತೇನೆ. ಈಗ ಅದು ಲಿಬರ್ಟಿ ಹೋಟೆಲ್.

1851ರ ಈ ಗ್ರಾನೈಟ್ ಕಟ್ಟಡದ ವಾಸ್ತುಶಿಲ್ಪಿ ಗ್ರಿಡ್ಲಿ ಬ್ರಯಂಟ್. ಸೆರೆಮನೆಗಳ ಸುಧಾರಣೆಗಾಗಿ ದುಡಿಯುತ್ತಿದ್ದ ಪಾದ್ರಿ ಲೂಯಿಸ್ ಡ್ವೈಟ್ ಅವರೊಂದಿಗೆ ಕೂಡಿ ನಕ್ಷೆ ರೂಪಿಸಿದರು. ನಡುವೆ ಎಂಟು ಮೂಲೆಯ, 90 ಅಡಿ ಎತ್ತರದ ಹಜಾರ. ಅಲ್ಲಿಂದ ಶಿಲುಬೆಯಂತೆ ಚಾಚಿದ ನಾಲ್ಕು ರೆಕ್ಕೆಗಳು. ತಲಾ 33 ಅಡಿ ಎತ್ತರದ 30 ಕಮಾನು ಕಿಟಕಿಗಳು. ಕೈದಿಗೂ ಗಾಳಿ ಬೆಳಕು ಬೇಕೆಂಬ ನಂಬಿಕೆಯನ್ನು ಕಲ್ಲಿನಲ್ಲಿ ಕಟ್ಟಿದ್ದರು.

ಕಿಟಕಿಗಳು ಇದ್ದದ್ದು ಹೊರಗೋಡೆಯಲ್ಲಿ. ಕೋಣೆಗಳು ಆ ಗೋಡೆಗೆ ತಾಗಿರಲಿಲ್ಲ. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇಟ್ಟಂತೆ, ಮಹಡಿಯ ಮೇಲೆ ಮಹಡಿಯಾಗಿ ಒಳಗೆ ಬೇರೆಯೇ ನಿಂತಿದ್ದವು. ಒಂದೊಂದೂ ಎಂಟು ಅಡಿಗೆ ಹತ್ತು ಅಡಿ, ಒಟ್ಟು 220. ಆಬರ್ನ್ ಮಾದರಿ ಎಂದು ಕರೆಯುವ ಈ ವ್ಯವಸ್ಥೆ ಕಾವಲಿಗೆಂದು ಹುಟ್ಟಿದ್ದು. ಒಂದೂವರೆ ಶತಮಾನದ ನಂತರ ಅದೇ ಕಟ್ಟಡವನ್ನು ಉಳಿಸಿತು. ಒಳಗಿನ ಕೋಣೆಗಳನ್ನು ತೆಗೆದರೂ ಹೊರಗೋಡೆಗೆ ಏನೂ ಆಗುವುದಿಲ್ಲ!

ಆದರೆ ಆ ಒಳ್ಳೆಯ ನಂಬಿಕೆ ಬಾಳಲಿಲ್ಲ. ಒಬ್ಬರಿಗೆಂದು ಕಟ್ಟಿದ ಕೋಣೆಗೆ ಇಬ್ಬರನ್ನು ತುಂಬತೊಡಗಿದರು. ಅವರಲ್ಲಿ ಅನೇಕರು ವಿಚಾರಣೆಗೆ ಕಾಯುತ್ತಿದ್ದವರು, ಅಪರಾಧ ಸಾಬೀತಾಗದವರು. ದೂರು ಫೆಡರಲ್ ನ್ಯಾಯಾಲಯಕ್ಕೆ ಹೋದಾಗ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ಸ್ವತಃ ಅಲ್ಲಿ ಒಂದು ರಾತ್ರಿ ಕಳೆದರು. ಅಲ್ಲಿನ ಸ್ಥಿತಿ ಕೈದಿಗಳ ಸಂವಿಧಾನದತ್ತ ಹಕ್ಕುಗಳನ್ನು ಉಲ್ಲಂಘಿಸುತ್ತದೆ ಎಂದು 1973ರಲ್ಲಿ ತೀರ್ಪಿತ್ತರು. ಆದರೂ ಬಾಗಿಲು ಮುಚ್ಚಿದ್ದು 1990ರಲ್ಲಿ. ಹದಿನೇಳು ವರ್ಷ! ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಜಾಗ ಪಕ್ಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕೈಗೆ ಬಂತು. 2007ರಲ್ಲಿ ಹೋಟೆಲ್ ತೆರೆಯಿತು. ಒಟ್ಟು 298 ಕೊಠಡಿಗಳು. ಹಳೆಯ ಕಟ್ಟಡದೊಳಗೆ ಇರುವುದು 18 ಮಾತ್ರ. ಉಳಿದವೆಲ್ಲ ಪಕ್ಕದಲ್ಲಿ ಹೊಸದಾಗಿ ಎತ್ತಿದ 16 ಅಂತಸ್ತಿನ ಗೋಪುರದಲ್ಲಿವೆ. ಪೈಪಿನ ಹೊರೆ ಹೊಸ ಕಟ್ಟಡಕ್ಕೆ ಹೋಯಿತು, ಹಜಾರದ ಎತ್ತರ ಹಾಗೆಯೇ ಉಳಿಯಿತು. ಹಿಂದೆ ತೆಗೆದುಹಾಕಿದ್ದ ನೆತ್ತಿಯ ಗುಮ್ಮಟವನ್ನು ಮತ್ತೆ ಕಟ್ಟಿದರು. ಕೋಣೆಗಳ ಮುಂದೆ ಸಾಗುತ್ತಿದ್ದ ಕಬ್ಬಿಣದ ಓಡುದಾರಿಗಳನ್ನೂ ಬಿಡಲಿಲ್ಲ. ನಮ್ಮ ವೃತ್ತಿಯವರು ಕಲಿಯಬೇಕಾದ ಲೆಕ್ಕಾಚಾರ ಇದು.

ಒಂದು ವಿಷಯದಲ್ಲಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಉಳಿಸಿದ ಕೆಲವು ಕೋಣೆಗಳ ಸುತ್ತ ಊಟದ ಮೇಜುಗಳನ್ನು ಹಾಕಿ ಆ ಉಪಾಹಾರ ಗೃಹಕ್ಕೆ ಕ್ಲಿಂಕ್ ಎಂದು ಹೆಸರಿಟ್ಟರು. ಇಂಗ್ಲಿಷ್ ಆಡುಮಾತಿನಲ್ಲಿ ಅದು ಸೆರೆಮನೆಗೇ ಹೆಸರು. ಕುಡಿದವರನ್ನು ಕೂಡಿಹಾಕುತ್ತಿದ್ದ ಜಾಗದಲ್ಲಿ ಬಾರ್ ತೆರೆದರು. ಅಪರಾಧ ಸಾಬೀತಾಗದವರೂ ಸೆರೆಯಲ್ಲಿದ್ದ ಗೋಡೆಗಳಿವು. ಕಲ್ಲನ್ನು ಅಷ್ಟು ಜೋಪಾನವಾಗಿ ಉಳಿಸಿದವರು ಅದರೊಳಗೆ ನರಳಿದವರ ನೆನಪನ್ನು ಮೋಜಿನ ಸರಕು ಮಾಡಬಾರದಿತ್ತು. ಆ ಕೆಲಸ ನನಗೆ ಬಂದಿದ್ದರೆ ಒಂದೇ ಒಂದು ಕೋಣೆಯನ್ನು ಊಟಕ್ಕೂ ಕೊಡದೆ, ವಾಸಕ್ಕೂ ಕೊಡದೆ ಬಿಟ್ಟಿರುತ್ತಿದ್ದೆ. ಎಂಟು ಅಡಿಗೆ ಹತ್ತು ಅಡಿ, ಒಳಗೆ ಎರಡು ಮಂಚ, ಬಾಗಿಲು ತೆರೆದೇ ಇರುತ್ತಿತ್ತು.