ಗೇಮಿಂಗ್ ಲ್ಯಾಪ್‌ಟಾಪ್: ಒಂದು ಗ್ರಾಫಿಕ್ಸ್ ಕಾರ್ಡ್ ಸಾಕೇ, ಎರಡು ಬೇಕೇ?

ಲ್ಯಾಪ್‌ಟಾಪ್‌ನ ವಿವರಪಟ್ಟಿಯಲ್ಲಿ ‘ಡ್ಯುಯಲ್ ಗ್ರಾಫಿಕ್ಸ್’ ಎಂದು ಬರೆದಿದ್ದರೆ ಅದರ ಹಿಂದೆ ಮೂರು ಬೇರೆ ಬೇರೆ ಜೋಡಣೆಗಳಲ್ಲಿ ಯಾವುದಾದರೂ ಒಂದು ಇರಬಹುದು. ಮೊದಲನೆಯದು, ಒಂದೇ ಬಗೆಯ ಎರಡು ಪ್ರತ್ಯೇಕ ಗ್ರಾಫಿಕ್ಸ್ ಚಿಪ್‌ಗಳು ಸೇರಿ ಒಂದೇ ಆಟದ ಚಿತ್ರವನ್ನು ರಚಿಸುವ ಜೋಡಣೆ. ಚಿಪ್ ಕಂಪನಿಗಳಾದ ಎನ್‌ವಿಡಿಯಾ ಇದನ್ನು ಎಸ್‌ಎಲ್‌ಐ ಎಂದೂ ಎಎಮ್‌ಡಿ ಇದನ್ನು ಕ್ರಾಸ್‌ಫೈರ್ ಎಂದೂ ಕರೆದವು. ಎರಡನೆಯದು, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಮತ್ತು ಒಂದು ಸಣ್ಣ ಪ್ರತ್ಯೇಕ ಚಿಪ್ ಕೆಲಸ ಹಂಚಿಕೊಳ್ಳುವ ಜೋಡಣೆ. ಎಎಮ್‌ಡಿಯ ಎ-ಸರಣಿ ಪ್ರೊಸೆಸರ್‌ಗಳ ಕಾಲದಲ್ಲಿ, ಅಂದರೆ 2011ರ ನಂತರದ ಕೆಲವು ವರ್ಷ, ಇದು ಚಾಲ್ತಿಯಲ್ಲಿತ್ತು. ಮೂರನೆಯದು, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಮತ್ತು ಪ್ರತ್ಯೇಕ ಚಿಪ್ ಎರಡೂ ಇದ್ದು ಒಂದು ಸಮಯಕ್ಕೆ ಒಂದು ಮಾತ್ರ ಭಾರದ ಕೆಲಸ ಮಾಡುವ ಜೋಡಣೆ. ಇಂದು ಅಂಗಡಿಯಲ್ಲಿ ದೊರೆಯುವ ಬಹುಪಾಲು ಗೇಮಿಂಗ್ ಲ್ಯಾಪ್‌ಟಾಪ್‌ಗಳು ಈ ಮೂರನೆಯ ಬಗೆಯವು. ಮೂರಕ್ಕೂ ಒಂದೇ ಉತ್ತರ ಹೊಂದುವುದಿಲ್ಲವಾದ್ದರಿಂದ ಯಾವುದು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.

ಎರಡನೆಯದನ್ನು ಇಲ್ಲಿಯೇ ಮುಗಿಸಿಬಿಡಬಹುದು. ವೇಗದಲ್ಲಿ ಅಸಮಾನವಾದ ಎರಡು ಚಿಪ್‌ಗಳಿಗೆ ಸರದಿಯ ಮೇಲೆ ಫ್ರೇಮ್ (ಚಲನೆಯಾಗಿ ಕಾಣುವ ಸಾಲು ಚಿತ್ರಗಳಲ್ಲಿ ಒಂದು) ಕೊಟ್ಟರೆ ನಿಧಾನದ್ದು ವೇಗದ್ದನ್ನು ಕಾಯಿಸುತ್ತದೆ. ಹಲವು ಆಟಗಳಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿ ಆಡುವುದೇ ಹಿತವಾಗಿತ್ತು. ಎಎಮ್‌ಡಿಯ ರೈಜನ್ ಪ್ರೊಸೆಸರ್‌ಗಳು ಬಂದ ಮೇಲೆ ಅದು ಮುಂದುವರಿಯಲಿಲ್ಲ. ಇನ್ನು ಉಳಿದ ಎರಡರಲ್ಲಿ ಮೊದಲನೆಯದನ್ನೇ ವಿಸ್ತಾರವಾಗಿ ನೋಡಬೇಕು, ಏಕೆಂದರೆ ಬಳಸಿದ ಲ್ಯಾಪ್‌ಟಾಪ್‌ಗಳ ಮಾರುಕಟ್ಟೆಯಲ್ಲಿ ಅವು ಇನ್ನೂ ಕಾಣುತ್ತವೆ, ಮತ್ತು ‘ಎರಡು ಕಾರ್ಡ್ ಇದೆ, ಆದ್ದರಿಂದ ಎರಡರಷ್ಟು ವೇಗ’ ಎಂಬ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ತಿಳಿದವರಿಗೆ ಗ್ರಾಫಿಕ್ಸ್ ವಿಷಯದ ಅರ್ಧ ಪಾಠ ತಾನಾಗಿಯೇ ತಿಳಿದಂತಾಗುತ್ತದೆ.

ಎರಡು ಚಿಪ್‌ಗಳು ಕೆಲಸ ಹಂಚಿಕೊಳ್ಳುವ ಬಗೆ

ಈ ವಿಚಾರ ಹಳೆಯದು. 3ಡಿಎಫ್‌ಎಕ್ಸ್ ಕಂಪನಿಯ ವೂಡೂ 2 ಕಾರ್ಡ್‌ಗಳು 1998ರಲ್ಲಿಯೇ ಪರದೆಯ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ಹಂಚಿಕೊಂಡು ಚಿತ್ರ ಬಿಡಿಸುತ್ತಿದ್ದವು. ಆ ಕಂಪನಿಯ ಆಸ್ತಿಯನ್ನು ಕೊಂಡ ಎನ್‌ವಿಡಿಯಾ 2004ರಲ್ಲಿ ಅದೇ ಮೂರಕ್ಷರದ ಹೆಸರಿನಲ್ಲಿ ಬೇರೊಂದು ವಿಧಾನವನ್ನು ತಂದಿತು. ಮುಂದೆ ಎಎಮ್‌ಡಿ ಕೊಂಡ ಎಟಿಐ ಕಂಪನಿಯ ಕ್ರಾಸ್‌ಫೈರ್ 2005ರಲ್ಲಿ ಬಂತು. ಈ ಹೊಸ ವಿಧಾನಗಳಲ್ಲಿ ಹೆಚ್ಚಾಗಿ ಬಳಕೆಯಾದದ್ದು ಸರದಿ ಫ್ರೇಮ್ ರಚನೆ. ಒಂದನೆಯ ಫ್ರೇಮನ್ನು ಒಂದು ಚಿಪ್, ಎರಡನೆಯದನ್ನು ಇನ್ನೊಂದು, ಮೂರನೆಯದನ್ನು ಮತ್ತೆ ಮೊದಲಿನದು ರಚಿಸುತ್ತದೆ.

ಒಂದು ಚಿಪ್‌ಗೆ ಒಂದು ಫ್ರೇಮ್ ರಚಿಸಲು 30 ಮಿಲಿಸೆಕೆಂಡ್ ಬೇಕು ಎಂದಿಟ್ಟುಕೊಳ್ಳೋಣ. ಒಂದೇ ಚಿಪ್ ಇದ್ದರೆ ಸೆಕೆಂಡಿಗೆ ಸುಮಾರು 33 ಫ್ರೇಮ್ ಸಿಗುತ್ತವೆ. ಎರಡು ಇದ್ದು, ಎರಡನೆಯದು ಮೊದಲನೆಯದಕ್ಕಿಂತ ಸರಿಯಾಗಿ 15 ಮಿಲಿಸೆಕೆಂಡ್ ತಡವಾಗಿ ಆರಂಭಿಸಿದರೆ, ಪ್ರತಿ 15 ಮಿಲಿಸೆಕೆಂಡಿಗೆ ಒಂದು ಫ್ರೇಮ್ ಹೊರಬಂದು ಸೆಕೆಂಡಿಗೆ 66 ಆಗುತ್ತದೆ. ಆದರೆ ಎರಡನೆಯದು 5 ಮಿಲಿಸೆಕೆಂಡ್ ಮಾತ್ರ ತಡವಾಗಿ ಆರಂಭಿಸಿದರೆ ಏನಾಗುತ್ತದೆ? ಫ್ರೇಮ್‌ಗಳ ನಡುವಿನ ಅಂತರ 5, 25, 5, 25 ಎಂದು ಏರಿಳಿಯುತ್ತದೆ. ಸೆಕೆಂಡಿನ ಒಟ್ಟು ಲೆಕ್ಕ ಈಗಲೂ 66ರ ಹತ್ತಿರವೇ ಇರುತ್ತದೆ, ಪರದೆಯ ಮೂಲೆಯಲ್ಲಿರುವ ಎಣಿಕೆಯೂ ಅದನ್ನೇ ತೋರಿಸುತ್ತದೆ. ಆದರೆ 5 ಮಿಲಿಸೆಕೆಂಡಿನ ಅಂತರದಲ್ಲಿ ಬಂದ ಫ್ರೇಮ್ ಹಿಂದಿನದಕ್ಕಿಂತ ಹೊಸದೇನನ್ನೂ ತೋರಿಸದೆ ಹೋಗುವುದರಿಂದ ಕಣ್ಣಿಗೆ ಕಾಣುವ ಚಲನೆ 66ಕ್ಕಿಂತ 33ಕ್ಕೇ ಹತ್ತಿರವಾಗಿರುತ್ತದೆ. ಇದನ್ನೇ ಮೈಕ್ರೊಸ್ಟಟರ್ ಎನ್ನುವುದು. 2013ರ ಸುಮಾರಿಗೆ ಪರೀಕ್ಷಕರು ಸರಾಸರಿಯನ್ನು ಬಿಟ್ಟು ಒಂದೊಂದು ಫ್ರೇಮಿನ ಅವಧಿಯನ್ನೇ ಅಳೆಯತೊಡಗಿದ ಮೇಲೆ ಈ ದೋಷ ಅಂಕಿಗಳಲ್ಲಿ ಎದ್ದು ಕಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಎಎಮ್‌ಡಿ ತನ್ನ ಡ್ರೈವರ್‌ನಲ್ಲಿ (ಚಿಪ್ಪನ್ನು ನಡೆಸುವ ತಂತ್ರಾಂಶದಲ್ಲಿ) ಫ್ರೇಮ್‌ಗಳನ್ನು ಸಮಾನ ಅಂತರದಲ್ಲಿ ಬಿಡುವ ವ್ಯವಸ್ಥೆಯನ್ನು ಸೇರಿಸಿತು.

ಇಲ್ಲಿ ಬಹಳ ಮಂದಿ ಗಮನಿಸದೆ ಬಿಡುವ ಇನ್ನೊಂದು ಅಂಶವಿದೆ. ಅಂತರ ಸಮವಾದರೂ ಪ್ರತಿ ಫ್ರೇಮ್ ರಚನೆಯಾಗಲು ಹಿಡಿಯುವ ಕಾಲ 30 ಮಿಲಿಸೆಕೆಂಡೇ ಆಗಿರುತ್ತದೆ. ಮೌಸ್ ಅಲುಗಿಸಿದ ಕ್ಷಣದಿಂದ ಅದರ ಪರಿಣಾಮ ಪರದೆಯಲ್ಲಿ ಕಾಣುವವರೆಗಿನ ವಿಳಂಬವು 33 ಫ್ರೇಮ್ ವೇಗದ ಯಂತ್ರದ ವಿಳಂಬದಷ್ಟೇ ಉಳಿಯುತ್ತದೆ. ಒಂದೇ ಚಿಪ್ 15 ಮಿಲಿಸೆಕೆಂಡಿನಲ್ಲಿ ಫ್ರೇಮ್ ರಚಿಸಿ 66 ಕೊಡುವುದಕ್ಕೂ ಎರಡು ಚಿಪ್ ಸೇರಿ 66 ಕೊಡುವುದಕ್ಕೂ ಕೈಯ ಅನುಭವದಲ್ಲಿ ವ್ಯತ್ಯಾಸವಿರುವುದು ಈ ಕಾರಣದಿಂದ. ಶೂಟಿಂಗ್ ಆಟಗಳನ್ನು ಆಡುವವರಿಗೆ, ನನ್ನ ದೃಷ್ಟಿಯಲ್ಲಿ, ಇದು ಮೈಕ್ರೊಸ್ಟಟರ್‌ಗಿಂತಲೂ ದೊಡ್ಡ ಕೊರತೆ.

ಮೆಮೊರಿಯ ಲೆಕ್ಕವೂ ಹೀಗೆಯೇ. ಎರಡು ಚಿಪ್‌ಗಳೂ ಒಂದೇ ದೃಶ್ಯದ ಬೇರೆ ಬೇರೆ ಫ್ರೇಮ್‌ಗಳನ್ನು ರಚಿಸುತ್ತಿರುವುದರಿಂದ ಟೆಕ್ಸ್‌ಚರ್‌ಗಳ, ಅಂದರೆ ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳ, ಪೂರ್ಣ ಪ್ರತಿ ಎರಡರ ಬಳಿಯೂ ಇರಲೇಬೇಕು. 2 ಜಿಬಿ ಮತ್ತು 2 ಜಿಬಿ ಸೇರಿದರೆ ಆಟಕ್ಕೆ ದೊರೆಯುವುದು 2 ಜಿಬಿ ಮಾತ್ರ. ಲೆನೊವೊದ ವೈ510ಪಿ ಇದಕ್ಕೆ ಒಳ್ಳೆಯ ಉದಾಹರಣೆ. 2013ರ ಈ 15.6 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಒಂದು ಜಿಟಿ 750ಎಮ್ ಚಿಪ್ ಮದರ್‌ಬೋರ್ಡಿನ ಮೇಲಿದ್ದು, ಡಿವಿಡಿ ಡ್ರೈವ್ ಕೂರುವ ಬದಿಯ ಗೂಡಿನಲ್ಲಿ ಇನ್ನೊಂದು ಜಿಟಿ 750ಎಮ್ ಅನ್ನು ಅದರದೇ ಫ್ಯಾನಿನೊಂದಿಗೆ ತೂರಿಸಬಹುದಾಗಿತ್ತು. ಜಾಣ್ಮೆಯ ವಿನ್ಯಾಸವೇ ಹೌದು. ಅಂಥದ್ದೊಂದು ಯಂತ್ರವನ್ನು ಬಳಸಿದ ಮಾಲಿನ ಜಾಹೀರಾತಿನಲ್ಲಿ ‘4 ಜಿಬಿ ಗ್ರಾಫಿಕ್ಸ್’ ಎಂದು ಕಂಡರೆ, ಅದನ್ನು 2 ಜಿಬಿ ಎಂದೇ ಓದಿಕೊಳ್ಳಬೇಕು. 2 ಜಿಬಿ ತುಂಬಿದ ಕೂಡಲೇ ಎರಡೂ ಚಿಪ್‌ಗಳು ಒಟ್ಟಿಗೆ ತಡವರಿಸುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ಮುಖ್ಯ ಪ್ರಶ್ನೆ ವ್ಯಾಟ್‌ಗಳದ್ದು

ಮೇಲೆ ಹೇಳಿದ ತೊಂದರೆಗಳು ಡೆಸ್ಕ್‌ಟಾಪಿಗೂ ಇದ್ದವು. ಲ್ಯಾಪ್‌ಟಾಪ್‌ಗೆ ವಿಶೇಷವಾದದ್ದು ಶಾಖದ ಮಿತಿ. ತೆಳ್ಳನೆಯ ಕವಚದೊಳಗಿನ ಫ್ಯಾನ್‌ಗಳೂ ತಾಮ್ರದ ಹೀಟ್‌ಪೈಪ್‌ಗಳೂ ಇಷ್ಟು ವ್ಯಾಟ್‌ನ ಶಾಖವನ್ನು ಹೊರಹಾಕಬಲ್ಲವು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಆ ಮಿತಿಯನ್ನು ಒಂದು ಚಿಪ್‌ಗೆ ಕೊಡುವುದೋ ಎರಡಕ್ಕೆ ಹಂಚುವುದೋ ಎಂಬುದೇ ನಿಜವಾದ ಆಯ್ಕೆ.

ಇದಕ್ಕೆ ಎರಡು ಚಿಪ್‌ಗಳ ಪರವಾಗಿ ಒಂದು ಬಲವಾದ ವಾದವಿದೆ, ಅದನ್ನು ಕೇಳದೆ ತಳ್ಳಿಹಾಕುವುದು ಸರಿಯಲ್ಲ. ಚಿಪ್ಪಿನ ವಿದ್ಯುತ್ ವ್ಯಯವು ಅದರ ಕ್ಲಾಕ್ ವೇಗಕ್ಕೆ (ಸೆಕೆಂಡಿಗೆ ಎಷ್ಟು ಹೆಜ್ಜೆ ಕೆಲಸ ಎಂಬುದಕ್ಕೆ) ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ಕ್ಲಾಕ್ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುವುದರಿಂದ ಕೊನೆಯ ಹತ್ತು ಶೇಕಡಾ ವೇಗಕ್ಕೆ ತೆರುವ ವ್ಯಾಟ್ ಬಹಳ ದುಬಾರಿ. ಹಾಗಾದರೆ ಒಂದು ಚಿಪ್ಪನ್ನು 150 ವ್ಯಾಟ್‌ನಲ್ಲಿ ದಣಿಸುವುದಕ್ಕಿಂತ ಅದೇ ಬಗೆಯ ಎರಡನ್ನು ತಲಾ 75 ವ್ಯಾಟ್‌ನಲ್ಲಿ ನಿಧಾನವಾಗಿ ಓಡಿಸಿದರೆ ಒಟ್ಟು ಕೆಲಸ ಹೆಚ್ಚಾಗಬೇಕಲ್ಲವೇ? ಭೌತಶಾಸ್ತ್ರದ ದೃಷ್ಟಿಯಿಂದ ಇದು ಸರಿ. ಆದರೆ ಅದೇ ಲಾಭವನ್ನು ಇನ್ನೊಂದು ದಾರಿಯಲ್ಲಿ ಪಡೆಯಬಹುದು. ಹೆಚ್ಚು ಕೋರ್‌ಗಳಿರುವ (ಕೋರ್ ಎಂದರೆ ಲೆಕ್ಕ ಮಾಡುವ ಸಣ್ಣ ಘಟಕ) ಒಂದು ಅಗಲವಾದ ಚಿಪ್ಪನ್ನು ಕಡಿಮೆ ಕ್ಲಾಕ್‌ನಲ್ಲಿ ಓಡಿಸಿದರೆ ವ್ಯಾಟ್‌ನ ಮಿತವ್ಯಯವೂ ಸಿಗುತ್ತದೆ. ಫ್ರೇಮ್ ಹಂಚುವ, ಮೆಮೊರಿ ನಕಲಿಸುವ ತಾಪತ್ರಯವೂ ಇರುವುದಿಲ್ಲ. ಎನ್‌ವಿಡಿಯಾದ 40 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಆರ್‌ಟಿಎಕ್ಸ್ 4080 ಮತ್ತು 4090 ಎರಡಕ್ಕೂ ಗರಿಷ್ಠ ಮೂಲ ಮಿತಿ 150 ವ್ಯಾಟ್ ಆಗಿದ್ದರೂ ಮೊದಲಿನದರಲ್ಲಿ 7,424 ಕೋರ್ ಮತ್ತು 12 ಜಿಬಿ ಮೆಮೊರಿ, ಎರಡನೆಯದರಲ್ಲಿ 9,728 ಕೋರ್ ಮತ್ತು 16 ಜಿಬಿ ಮೆಮೊರಿ ಇವೆ. 4090 ಮುಂದಿರುವುದು ಹೆಚ್ಚು ವಿದ್ಯುತ್ ಕುಡಿದಲ್ಲ, ಅಷ್ಟೇ ವಿದ್ಯುತ್ತನ್ನು ಹೆಚ್ಚು ಕೋರ್‌ಗಳ ಮೇಲೆ ಹರಡಿ.

ಎರಡು ಚಿಪ್‌ಗಳ ದಾರಿ ಹಿಡಿದರೆ ಯಂತ್ರ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2017ರಲ್ಲಿ ಮಾರಾಟಕ್ಕೆ ಬಂದ ಏಸರ್ ಪ್ರಿಡೇಟರ್ 21 ಎಕ್ಸ್ ಸಾಕ್ಷಿ. ಎರಡು ಜಿಟಿಎಕ್ಸ್ 1080, 21 ಇಂಚಿನ ಬಾಗಿದ ಪರದೆ, ಐದು ಫ್ಯಾನ್, 8 ಕಿಲೋಗೂ ಮೀರಿದ ತೂಕ, ಅಮೆರಿಕದಲ್ಲಿ ಸುಮಾರು 9,000 ಡಾಲರ್ ಬೆಲೆ. ಅದಕ್ಕೆ ತಲಾ 330 ವ್ಯಾಟ್‌ನ ಎರಡು ಚಾರ್ಜರ್‌ಗಳನ್ನು ಒಟ್ಟಿಗೆ ಚುಚ್ಚಬೇಕಾಗಿತ್ತು. ಅದನ್ನು ಲ್ಯಾಪ್‌ಟಾಪ್ ಎನ್ನುವುದು ಮಡಚಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್ ಆಗಿರುವುದರಿಂದ ಲ್ಯಾಪ್‌ಟಾಪ್ ಬ್ಯಾಟರಿಗಳು ಸಾಮಾನ್ಯವಾಗಿ 99ರ ಆಸುಪಾಸಿನಲ್ಲಿಯೇ ನಿಲ್ಲುತ್ತವೆ. 300 ವ್ಯಾಟ್ ಎಳೆಯುವ ಯಂತ್ರಕ್ಕೆ ಅದು ಲೆಕ್ಕದ ಪ್ರಕಾರವೇ ಇಪ್ಪತ್ತು ನಿಮಿಷದ ಮಾತು.

ಈ ವ್ಯವಸ್ಥೆ ಏಕೆ ನಿಂತುಹೋಯಿತು

ಶಾಖಕ್ಕಿಂತ ಮೊದಲು ಸಾಫ್ಟ್‌ವೇರ್ ಕೈಕೊಟ್ಟಿತು ಎನ್ನಬಹುದು. ಸರದಿ ಫ್ರೇಮ್ ರಚನೆಯು ಒಂದು ಫ್ರೇಮಿಗೆ ಇನ್ನೊಂದರ ಹಂಗಿಲ್ಲ ಎಂಬ ಊಹೆಯ ಮೇಲೆ ನಿಂತಿದೆ. ಈಚಿನ ಆಟಗಳಲ್ಲಿ ಅಂಚುಗಳನ್ನು ನಯಗೊಳಿಸುವ ಟಿಎಎ, ಕಡಿಮೆ ರೆಸಲ್ಯೂಶನ್ನಿನಿಂದ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ಮುಂತಾದ ತಂತ್ರಗಳು ಹಿಂದಿನ ಫ್ರೇಮ್‌ಗಳ ಮಾಹಿತಿಯನ್ನು ಬಳಸಿಕೊಳ್ಳುತ್ತವೆ. ಹಿಂದಿನ ಫ್ರೇಮ್ ಪಕ್ಕದ ಚಿಪ್ಪಿನ ಮೆಮೊರಿಯಲ್ಲಿದ್ದರೆ ಅದನ್ನು ಪ್ರತಿ ಬಾರಿ ನಕಲಿಸಿ ತರಬೇಕು, ತರುವವರೆಗೆ ಕಾಯಬೇಕು. 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ಡೈರೆಕ್ಟ್‌ಎಕ್ಸ್ 12 (ಆಟ ಮತ್ತು ಗ್ರಾಫಿಕ್ಸ್ ಚಿಪ್ ನಡುವಿನ ತಂತ್ರಾಂಶ) ಎರಡು ಚಿಪ್‌ಗಳನ್ನು ನಿಭಾಯಿಸುವ ಹೊಣೆಯನ್ನು ಡ್ರೈವರ್‌ನಿಂದ ಆಟ ಬರೆಯುವವರಿಗೆ ದಾಟಿಸಿತು. ಸಾವಿರಕ್ಕೊಬ್ಬರು ಬಳಸುವ ಸೌಲಭ್ಯಕ್ಕಾಗಿ ತಿಂಗಳುಗಟ್ಟಲೆ ದುಡಿಯಲು ಯಾವ ತಂಡ ಮುಂದೆ ಬರುತ್ತದೆ? ಕೆಲವೇ ಆಟಗಳು ಅದನ್ನು ಅಳವಡಿಸಿಕೊಂಡವು. ಎಎಮ್‌ಡಿ 2017ರಲ್ಲಿ ಕ್ರಾಸ್‌ಫೈರ್ ಎಂಬ ಹೆಸರನ್ನು ಕೈಬಿಟ್ಟಿತು. ಎನ್‌ವಿಡಿಯಾ 2021ರ ಜನವರಿ 1ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್‌ಗಳನ್ನು (ಆಯಾ ಆಟದಲ್ಲಿ ಎರಡು ಚಿಪ್ ಬಳಸಲು ಡ್ರೈವರ್‌ಗೆ ಕೊಡುವ ಸೂಚನೆಗಳನ್ನು) ಸೇರಿಸುವುದನ್ನು ನಿಲ್ಲಿಸಿತು. ಹೊಸ ಆಟವೊಂದು ಬಂದಾಗ ಎಸ್‌ಎಲ್‌ಐ ಲ್ಯಾಪ್‌ಟಾಪ್‌ನ ಎರಡನೆಯ ಚಿಪ್ ಸಾಮಾನ್ಯವಾಗಿ ಸುಮ್ಮನೆ ಕುಳಿತಿರುತ್ತದೆ ಎಂಬುದು ಇದರ ನೇರ ಪರಿಣಾಮ.

ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ 3ಡಿ ಚಿತ್ರ ರಚಿಸುವ ಕೆಲಸದಲ್ಲಿ ಮತ್ತು ಯಂತ್ರಕಲಿಕೆಯಲ್ಲಿ ಎರಡು ಚಿಪ್‌ಗಳು ಈಗಲೂ ಉಪಯುಕ್ತ, ಏಕೆಂದರೆ ಅಲ್ಲಿ ಫ್ರೇಮನ್ನು ಸಮಯಕ್ಕೆ ತೋರಿಸುವ ಒತ್ತಡವಿಲ್ಲ. ಆದರೆ ಆ ಕೆಲಸಕ್ಕೆ ಡೆಸ್ಕ್‌ಟಾಪ್ ಇರುವಾಗ ಲ್ಯಾಪ್‌ಟಾಪ್ ಏಕೆ ಎಂಬ ಪ್ರಶ್ನೆ ಬಾಕಿಯೇ ಉಳಿಯುತ್ತದೆ.

ಈಗಿನ ‘ಎರಡು’

ಇಂದಿನ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋದರೆ ಜಿಪಿಯು 0, ಜಿಪಿಯು 1 ಎಂಬ ಎರಡು ಸಾಲುಗಳು ಕಾಣುವುದು ಸಾಮಾನ್ಯ (ಜಿಪಿಯು ಎಂದರೆ ಗ್ರಾಫಿಕ್ಸ್ ಚಿಪ್). ಒಂದು ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್‌ನೊಳಗಿನದು, ಇನ್ನೊಂದು ಪ್ರತ್ಯೇಕ ಕಾರ್ಡ್. ಎನ್‌ವಿಡಿಯಾ 2010ರಲ್ಲಿ ತಂದ ಆಪ್ಟಿಮಸ್ ವ್ಯವಸ್ಥೆಯಲ್ಲಿ ಬ್ರೌಸರ್, ವಿಡಿಯೊ ಮುಂತಾದವನ್ನು ಒಳಗಿನ ಗ್ರಾಫಿಕ್ಸ್ ನೋಡಿಕೊಳ್ಳುತ್ತದೆ, ಪ್ರತ್ಯೇಕ ಚಿಪ್ ಪೂರ್ಣವಾಗಿ ಮಲಗಿರುತ್ತದೆ. ಆಟ ತೆರೆದಾಗ ಮಾತ್ರ ಅದು ಎದ್ದು ಫ್ರೇಮ್ ರಚಿಸುತ್ತದೆ. ತರಗತಿಯಲ್ಲಿ ಟಿಪ್ಪಣಿ ಬರೆಯುವಾಗ ಬ್ಯಾಟರಿ ಉಳಿಯುವುದು ಇದರಿಂದಲೇ. ಈ ಅರ್ಥದಲ್ಲಿ ಎರಡು ಇರುವುದು ಒಳ್ಳೆಯದೇ.

ಆದರೆ ಇದರಲ್ಲಿ ಒಂದು ತೆರಿಗೆಯೂ ಇದೆ. ಲ್ಯಾಪ್‌ಟಾಪ್‌ನ ಪರದೆಯ ತಂತಿ ಒಳಗಿನ ಗ್ರಾಫಿಕ್ಸಿಗೆ ಜೋಡಣೆಯಾಗಿರುವುದರಿಂದ ಪ್ರತ್ಯೇಕ ಚಿಪ್ ರಚಿಸಿದ ಪ್ರತಿ ಫ್ರೇಮ್ ಅದರ ಮೂಲಕವೇ ಹಾದು ಪರದೆ ಸೇರಬೇಕು. ಫ್ರೇಮ್ ದರ ಹೆಚ್ಚಿದಷ್ಟೂ ಈ ಸಾಗಾಟದ ಭಾರ ಹೆಚ್ಚು. ಸೆಕೆಂಡಿಗೆ 60ರಲ್ಲಿ ಲೆಕ್ಕಕ್ಕೆ ಬಾರದ ನಷ್ಟ 200ರ ಹತ್ತಿರ ಗಮನಕ್ಕೆ ಬರುತ್ತದೆ. ಪರದೆಯನ್ನು ನೇರವಾಗಿ ಪ್ರತ್ಯೇಕ ಚಿಪ್‌ಗೆ ಜೋಡಿಸುವ ಮಕ್ಸ್ ಸ್ವಿಚ್ ಇದ್ದರೆ ಈ ಸುತ್ತು ತಪ್ಪುತ್ತದೆ. ಹಳೆಯ ಬಗೆಯ ಮಕ್ಸ್‌ಗೆ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. 2020ರಲ್ಲಿ ಬಂದ ಅಡ್ವಾನ್ಸ್ಡ್ ಆಪ್ಟಿಮಸ್ ಅದೇ ಬದಲಾವಣೆಯನ್ನು ರೀಸ್ಟಾರ್ಟ್ ಇಲ್ಲದೆ ಮಾಡುತ್ತದೆ. ಮಕ್ಸ್ ಇಲ್ಲದ ಯಂತ್ರವಾದರೂ ಎಚ್‌ಡಿಎಮ್‌ಐ ಕಿಂಡಿ ಪ್ರತ್ಯೇಕ ಚಿಪ್‌ಗೆ ಸೇರಿದ್ದರೆ ಹೊರಗಿನ ಮಾನಿಟರ್‌ನಲ್ಲಿ ಆಡಿ ನಷ್ಟ ತಪ್ಪಿಸಿಕೊಳ್ಳಬಹುದು. ಯಾವ ಕಿಂಡಿ ಯಾವ ಚಿಪ್‌ಗೆ ಸೇರಿದೆ ಎಂಬುದನ್ನು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ ಪುಟದ ಚಿತ್ರ ತೋರಿಸುತ್ತದೆ. ಆ ಪುಟವನ್ನು ಜನ ಬೇರಾವುದಕ್ಕೂ ತೆರೆಯುವುದು ಅಪರೂಪ.

ಅದೇ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್‌ಫರ್ಮೇಶನ್ ಕಿಟಕಿಯಲ್ಲಿ ಗರಿಷ್ಠ ಗ್ರಾಫಿಕ್ಸ್ ಪವರ್ ಎಂಬ ಸಾಲು ಇರುತ್ತದೆ. ಕೊಳ್ಳುವ ಮುನ್ನ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಾಗಲಿ ಮಾಲ್‌ನ ಷೋರೂಮಿನಲ್ಲಾಗಲಿ ಡೆಮೊ ಯಂತ್ರವಿದ್ದರೆ ಅದನ್ನು ತೆರೆದು ನೋಡುವುದು ಮಾರಾಟಗಾರರ ಮಾತಿಗಿಂತ ಹೆಚ್ಚು ತಿಳಿಸುತ್ತದೆ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಚಿಪ್ಪನ್ನು ತಯಾರಕರು 35ರಿಂದ 115 ವ್ಯಾಟ್‌ವರೆಗೆ ತಮಗೆ ಬೇಕಾದಲ್ಲಿ ನಿಲ್ಲಿಸಬಹುದು, ಹೊರಗಿನ ಹೆಸರು ಮಾತ್ರ ಒಂದೇ. 60 ವ್ಯಾಟ್‌ನ ತೆಳು ಯಂತ್ರಕ್ಕಿಂತ 115 ವ್ಯಾಟ್‌ನ ದಪ್ಪ ಯಂತ್ರ ಆಟದಲ್ಲಿ ಸ್ಪಷ್ಟವಾಗಿ ಮುಂದಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಕಾರ್ಡ್‌ಗಳ ಸಂಖ್ಯೆಯನ್ನು ಕೇಳುವ ಬದಲು ಕೇಳಬೇಕಾದ ಮೂರು ಸಂಗತಿ ಇವು: ಪ್ರತ್ಯೇಕ ಚಿಪ್‌ಗೆ ಎಷ್ಟು ವ್ಯಾಟ್, ಅದಕ್ಕೆ ಎಷ್ಟು ಮೆಮೊರಿ, ಮಕ್ಸ್ ಇದೆಯೇ.

ಬಳಸಿದ ಎಸ್‌ಎಲ್‌ಐ ಲ್ಯಾಪ್‌ಟಾಪ್ ಅಗ್ಗಕ್ಕೆ ಸಿಗುತ್ತಿದೆ ಎಂದಾದರೆ ಅದಕ್ಕೆ ಒಂದೇ ಕಾರ್ಡಿನ ಬೆಲೆ ಕಟ್ಟುವುದು ನ್ಯಾಯ. ಜಿಟಿಎಕ್ಸ್ 1080 ಸೇರಿರುವ 10 ಸರಣಿಗೆ ಹೊಸ ಆಟಗಳಿಗಾಗಿ ಸಿದ್ಧಪಡಿಸುವ ಡ್ರೈವರ್‌ಗಳು 2025ರ ಅಕ್ಟೋಬರಿಗೆ ಮುಗಿದು, ಇನ್ನು ಭದ್ರತೆಯ ತಿದ್ದುಪಡಿಗಳಷ್ಟೇ ಕೆಲವು ವರ್ಷ ಬರಲಿವೆ. ಕೊಳ್ಳುವುದೇ ಆದರೆ ಚಾರ್ಜರ್, ಎರಡಿದ್ದರೆ ಎರಡೂ, ಮೂಲದ್ದೇ ಎಂದು ಖಚಿತಪಡಿಸಿಕೊಳ್ಳಬೇಕು, ಎಸ್‌ಎಲ್‌ಐ ಆಫ್ ಮಾಡಿ ಅರ್ಧ ಗಂಟೆ ಆಟ ಓಡಿಸಿ ನೋಡಬೇಕು. ಆ ಸ್ಥಿತಿಯಲ್ಲಿ ದೊರೆಯುವ ವೇಗವೇ ಇನ್ನು ಮುಂದೆ ಆ ಯಂತ್ರದಿಂದ ಹೊಸ ಆಟಗಳಲ್ಲಿ ದೊರೆಯುವ ವೇಗ.