ಸೂಪರ್‌ಮ್ಯಾನ್ ಲೇಖನದಲ್ಲಿ ಕಥೆ ಎಷ್ಟಿರಬೇಕು?

ಪ್ರಶ್ನೆ: ಕನ್ನಡ ವಿಕಿಪೀಡಿಯದಲ್ಲಿ ಸೂಪರ್‌ಮ್ಯಾನ್ ಕುರಿತ ಲೇಖನವನ್ನು ಬೆಳೆಸಬೇಕೆಂದಿದ್ದೇನೆ. ಚಿಕ್ಕಂದಿನಿಂದ ಅವನ ಕಾಮಿಕ್ಸ್ ಓದಿದ್ದೇನೆ, ಸಿನಿಮಾಗಳನ್ನೆಲ್ಲ ನೋಡಿದ್ದೇನೆ. ಅವನ ಕಥೆಯನ್ನು ಹುಟ್ಟಿನಿಂದ ಸಾವಿನವರೆಗೆ ಬಿಡದೆ ಬರೆದರೆ ಲೇಖನ ಉತ್ತಮವಾಗುತ್ತದೆಯೇ?

ಉತ್ತರ: ಇಲ್ಲ. ಉದ್ದವಾಗುತ್ತದೆ, ಅಷ್ಟೆ. ಇದೇ ಪ್ರಶ್ನೆ ಬ್ಯಾಟ್‌ಮ್ಯಾನ್ ಹೆಸರಿನಲ್ಲಿ ಬಂದಿದೆ, ಸ್ಪೈಡರ್‌ಮ್ಯಾನ್ ಹೆಸರಿನಲ್ಲಿ ಬಂದಿದೆ. ಪ್ರತಿ ಸಲವೂ ಎರಡು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ. ಈ ಬಾರಿ ವಿಸ್ತಾರವಾಗಿಯೇ ಬರೆಯುತ್ತೇನೆ. ಪುಟದ ಮೇಲಿನ ‘ಸಂಪಾದಿಸಿ’ ಗುಂಡಿ, ಕೊನೆಯ ಉಲ್ಲೇಖಗಳ ಪಟ್ಟಿ, ತಕರಾರು ಬಂದರೆ ಚರ್ಚೆ ಪುಟ, ಇವೆಲ್ಲ ನಿಮಗೆ ಗೊತ್ತೇ ಇರುತ್ತವೆ. ತೊಡಕಿರುವುದು ಅಲ್ಲಲ್ಲ. ಪಾತ್ರದ ಜೀವನಚರಿತ್ರೆಯೇ ಪಾತ್ರದ ಲೇಖನ ಎಂಬ ನಂಬಿಕೆಯಲ್ಲಿದೆ. ಎಷ್ಟು ಕಿತ್ತರೂ ಮತ್ತೆ ಚಿಗುರುವ ನಂಬಿಕೆ ಅದು.

ಮೊದಲ ಮಾತು, ಸೂಪರ್‌ಮ್ಯಾನ್‌ಗೆ ಒಂದು ಜೀವನಚರಿತ್ರೆ ಎಂಬುದೇ ಇಲ್ಲ. ‘ಆ್ಯಕ್ಷನ್ ಕಾಮಿಕ್ಸ್’ ಪತ್ರಿಕೆಯ 1938ರ ಜೂನ್ ಸಂಚಿಕೆ, ಅಂದರೆ ಮೊದಲ ಸಂಚಿಕೆಯನ್ನೇ ನೋಡಿ. ಹದಿಮೂರು ಪುಟದ ಕಥೆಯಲ್ಲಿ ಅವನ ಹುಟ್ಟಿಗೆ ಸಿಕ್ಕಿರುವುದು ಒಂದೇ ಪುಟ. ದೂರದ ಗ್ರಹವೊಂದು ಮುಪ್ಪಿನಿಂದ ನಾಶವಾಗುತ್ತದೆ, ಒಬ್ಬ ವಿಜ್ಞಾನಿ ತನ್ನ ಮಗುವನ್ನು ನೌಕೆಯಲ್ಲಿಟ್ಟು ಭೂಮಿಯತ್ತ ಕಳಿಸುತ್ತಾನೆ. ಗ್ರಹಕ್ಕೆ ಹೆಸರಿಲ್ಲ, ವಿಜ್ಞಾನಿಗೂ ಹೆಸರಿಲ್ಲ. ದಾರಿಯಲ್ಲಿ ಕಾರಿನಲ್ಲಿ ಹೋಗುತ್ತಿದ್ದವನೊಬ್ಬ ಮಗುವನ್ನು ಕಂಡು ಅನಾಥಾಲಯಕ್ಕೆ ಒಪ್ಪಿಸುತ್ತಾನೆ. ನಾವೆಲ್ಲ ಬಲ್ಲ, ಅವನನ್ನು ಸಾಕಿ ಬೆಳೆಸಿದ ಕೆಂಟ್ ದಂಪತಿಯ ಸುಳಿವು ಈ ಪುಟದಲ್ಲಿಲ್ಲ. ಅವರು ಬಂದದ್ದು 1939ರಲ್ಲಿ, ‘ಸೂಪರ್‌ಮ್ಯಾನ್’ ಹೆಸರಿನ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಹೆತ್ತವರಿಗೆ ಹೆಸರು ಸಿಕ್ಕಿದ್ದು ಅದೇ ವರ್ಷ ದಿನಪತ್ರಿಕೆಗಳಲ್ಲಿ ಆರಂಭವಾದ ಚಿತ್ರಕಥೆಯಲ್ಲಿ.

ಅವನ ಕೆಲಸದ ವಿಷಯವೂ ಹೀಗೆಯೇ. ಮೊದಲು ಅವನು ಕ್ಲಾರ್ಕ್ ಕೆಂಟ್ ಎಂಬ ಸಾಮಾನ್ಯ ಮನುಷ್ಯನ ಹೆಸರಿನಲ್ಲಿ ದುಡಿಯುತ್ತಿದ್ದ ಪತ್ರಿಕೆ ‘ಡೈಲಿ ಸ್ಟಾರ್’. ಅದು ‘ಡೈಲಿ ಪ್ಲಾನೆಟ್’ ಆದದ್ದು 1940ರಲ್ಲಿ. ಆ ಹೆಸರು ಬಂದ ‘ಆ್ಯಕ್ಷನ್ ಕಾಮಿಕ್ಸ್’ನ ಇಪ್ಪತ್ತಮೂರನೆಯ ಸಂಚಿಕೆಯಲ್ಲೇ, ಇಂದು ಬೋಳುತಲೆಗೆ ಹೆಸರಾದ ಕಡುವೈರಿ ಲೂಥರ್ ಕೂಡ ಕಾಲಿಟ್ಟ, ಅದೂ ತಲೆತುಂಬ ಕೆಂಗೂದಲಿನೊಂದಿಗೆ! 1945ರಲ್ಲಿ ಸೂಪರ್‌ಬಾಯ್ ಬಂದ, ನಮ್ಮ ನಾಯಕ ಹುಡುಗನಾಗಿದ್ದಾಗಲೇ ಸಾಹಸಿ ಎಂದಾಯಿತು. ಮುಂದಿನ ದಶಕಗಳ ಕಥೆಗಳಲ್ಲಿ ಅವನು ಪ್ರಾಯಕ್ಕೆ ಬಂದು ಸೂಪರ್‌ಮ್ಯಾನ್ ಆಗುವ ಹೊತ್ತಿಗೆ ಸಾಕುತಂದೆ, ಸಾಕುತಾಯಿ ಇಬ್ಬರೂ ತೀರಿಕೊಂಡಿರುತ್ತಾರೆ. 1986ರಲ್ಲಿ ಜಾನ್ ಬರ್ನ್ ಎಂಬ ಬರಹಗಾರ ಇಡೀ ಕಥೆಯನ್ನು ಮೊದಲಿನಿಂದ ಕಟ್ಟಿದರು. ಅದರಲ್ಲಿ ಕೆಂಟ್ ದಂಪತಿ ಬದುಕಿದ್ದಾರೆ, ಸೂಪರ್‌ಬಾಯ್ ಎಂಬುವನು ಇರಲೇ ಇಲ್ಲ, ಲೂಥರ್ ಹುಚ್ಚು ವಿಜ್ಞಾನಿಯಾಗಿರದೆ ಊರಿಗೇ ದೊಡ್ಡ ಉದ್ಯಮಿ.

ಈಗ ಹೇಳಿ, ‘ಬಾಲ್ಯ’ ಎಂಬ ತಲೆಬರಹದಡಿ ಏನು ಬರೆಯುತ್ತೀರಿ? ಅನಾಥಾಲಯದಲ್ಲಿ ಬೆಳೆದನೆಂದೇ? ಸಾಕಿದವರನ್ನು ಕಳೆದುಕೊಂಡನೆಂದೇ? ಅವರ ಮನೆಯ ಊಟದ ಮೇಜಿನಲ್ಲಿ ಈಗಲೂ ಕುಳಿತು ಮಾತಾಡುತ್ತಾನೆಂದೇ? ನೀವು ನೋಡಿದ ಸಿನಿಮಾದಲ್ಲಿ ಇದ್ದದ್ದನ್ನು ಬರೆಯುತ್ತೀರಿ, ಇನ್ನೊಬ್ಬರು ಬಂದು ತಾವು ಓದಿದ ಕಥೆಯಂತೆ ತಿದ್ದುತ್ತಾರೆ, ಮೂರನೆಯವರು ಅದನ್ನು ಅಳಿಸುತ್ತಾರೆ. ಮೂವರೂ ಸರಿಯೇ, ಲೇಖನ ಮಾತ್ರ ಹಾಳು.

ಪಂಪನ ಭಾರತವನ್ನು ಮೇಷ್ಟರು ಪಾಠ ಮಾಡಿದ್ದು ನೆನಪಿದೆಯಲ್ಲವೇ? ಪಂಪನಿಗೆ ಅರ್ಜುನ ನಾಯಕ, ಕುಮಾರವ್ಯಾಸನಿಗೆ ಕೃಷ್ಣ. ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಬರೆದ ಎಂಬುದು ತಿಳಿದ ಮೇಲೆ ಕಾವ್ಯ ಬೇರೆಯೇ ಆಗಿ ಕಾಣುತ್ತದೆ. ಪಾಂಡವರು ಯಾರ ಮಕ್ಕಳೆಂದು ಒಪ್ಪಿಸಿದರೆ ಅದು ಪಂಪನ ಬಗ್ಗೆ ಬರೆದಂತಾಗುವುದಿಲ್ಲ. ಸೂಪರ್‌ಮ್ಯಾನ್ ವಿಷಯದಲ್ಲೂ ವಿಶ್ವಕೋಶ ಕೇಳಬೇಕಾದದ್ದು ಇದನ್ನೇ: ಯಾರು ಬರೆದರು, ಯಾವ ಕಾಲದಲ್ಲಿ, ಯಾಕೆ ಬದಲಿಸಿದರು, ಅದರಿಂದ ಏನಾಯಿತು?

ಒಂದು ಸಾಲನ್ನು ಕೈಗೆತ್ತಿಕೊಂಡು ತೋರಿಸುತ್ತೇನೆ. ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಸೂಪರ್‌ಮ್ಯಾನ್ ಆಕಾಶದಲ್ಲಿ ಹಾರಬಲ್ಲನು. ಕ್ರಿಪ್ಟೊನೈಟ್ ಎಂಬ ಕಲ್ಲು ಅವನ ಶಕ್ತಿಯನ್ನು ಕುಂದಿಸುತ್ತದೆ.’ ತಪ್ಪೇನೂ ಇಲ್ಲ, ಆದರೆ ಸಿನಿಮಾ ನೋಡಿದ ಮಗುವಿಗೂ ಇದು ಗೊತ್ತು. ಈಗ ಇದನ್ನು ಓದಿ: ‘1938ರ ಮೊದಲ ಕಥೆಯಲ್ಲಿ ಸೂಪರ್‌ಮ್ಯಾನ್ ಹಾರುವುದಿಲ್ಲ, ಒಂದು ಮೈಲಿಯ ಎಂಟನೆಯ ಒಂದು ಭಾಗ, ಸುಮಾರು 200 ಮೀಟರ್ ದೂರ ಜಿಗಿಯುತ್ತಾನೆ. ಹಾರಾಟ ರೂಢಿಗೆ ಬಂದದ್ದು 1940ರಲ್ಲಿ ಆರಂಭವಾದ ಬಾನುಲಿ ಧಾರಾವಾಹಿ ಮತ್ತು 1941ರಿಂದ ಬಂದ ಫ್ಲೈಷರ್ ಸ್ಟುಡಿಯೊದ ಕಾರ್ಟೂನ್ ಚಿತ್ರಗಳ ಮೂಲಕ. ಕ್ರಿಪ್ಟೊನೈಟ್ ಕೂಡ 1943ರಲ್ಲಿ ಬಾನುಲಿಯಲ್ಲಿ ಮೊದಲು ಕೇಳಿಬಂತು, ಕಾಮಿಕ್ಸ್ ಪುಟಕ್ಕೆ ಬಂದದ್ದು 1949ರಲ್ಲಿ.’ ಶಕ್ತಿ ಅದೇ, ಕಲ್ಲೂ ಅದೇ. ಆದರೆ ಈ ಸಾಲುಗಳನ್ನು ಓದಿದವನಿಗೆ, ಕಾಗದದ ಮೇಲೆ ಹುಟ್ಟಿದ ಪಾತ್ರವನ್ನು ರೇಡಿಯೊದವರೂ ಕಾರ್ಟೂನಿನವರೂ ಸೇರಿ ಬೆಳೆಸಿದರೆಂಬುದು ತಿಳಿಯುತ್ತದೆ. ಇಂಥ ಎರಡು ಸಾಲು ಬರೆದ ದಿನ ಹೆಮ್ಮೆಪಡಿ.

ಹಾಗೆಂದು ಕಥೆಯನ್ನು ಪೂರ್ತಿ ಬಿಡಬೇಡಿ. ಎರಡು ಮೂರು ಪ್ಯಾರಾ ಬೇಕೇ ಬೇಕು, ಇಲ್ಲದಿದ್ದರೆ ಹೊಸ ಓದುಗನಿಗೆ ತಳಬುಡ ತಿಳಿಯುವುದಿಲ್ಲ. ಅದನ್ನು ಬರೆಯುವಾಗ ವರ್ತಮಾನಕಾಲ ಬಳಸಿ. ‘ಕ್ಲಾರ್ಕ್ ಕೆಂಟ್ ಕ್ರಿಪ್ಟಾನ್ ಗ್ರಹದಲ್ಲಿ ಜನಿಸಿದನು’ ಎಂದರೆ ಧಾರವಾಡದಲ್ಲಿ ಯಾರೋ ಜನಿಸಿದಂತೆ ಕೇಳಿಸುತ್ತದೆ. ‘ಈ ಕಥೆಯಲ್ಲಿ ಅವನ ಹುಟ್ಟೂರು ಕ್ರಿಪ್ಟಾನ್’ ಎಂದರೆ ಸಾಕು. ಯಾವ ವರ್ಷದ ಯಾವ ಕಥೆ ಎಂದೂ ಹೇಳಿ.

ಉಳಿದ ಜಾಗವೆಲ್ಲ ನಿಜವಾದ ಮನುಷ್ಯರಿಗೆ ಸಲ್ಲಬೇಕು. ಜೆರ್ರಿ ಸೀಗೆಲ್, ಜೋ ಶುಸ್ಟರ್ ಇಬ್ಬರೂ ಯಹೂದಿ ವಲಸಿಗರ ಮಕ್ಕಳು, ಕ್ಲೀವ್‌ಲ್ಯಾಂಡ್‌ನ ಪ್ರೌಢಶಾಲೆಯೊಂದರಲ್ಲಿ ಗೆಳೆಯರಾದವರು. ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಈ ಪಾತ್ರವನ್ನು ಕಟ್ಟಿದರು. ಮೊದಲ ಕಥೆಯಲ್ಲಿ ಅವನು ಎದುರಿಸುವುದು ಅನ್ಯಗ್ರಹದ ರಾಕ್ಷಸರನ್ನಲ್ಲ. ತಪ್ಪು ಮಾಡದೆ ಮರಣದಂಡನೆಗೆ ಗುರಿಯಾದ ಹೆಂಗಸೊಬ್ಬಳನ್ನು ಉಳಿಸುತ್ತಾನೆ, ಹೆಂಡತಿಯನ್ನು ಹೊಡೆಯುವ ಗಂಡನನ್ನು ಹಿಡಿದು ಗೋಡೆಗೆ ಎಸೆಯುತ್ತಾನೆ, ರಾಜಕಾರಣಿಯೊಂದಿಗೆ ಒಳಸಂಚು ನಡೆಸುವವನ ಬೆನ್ನು ಹತ್ತುತ್ತಾನೆ. ಆ ಕಾಲದ ಸಿಟ್ಟು ಆ ಪುಟಗಳಲ್ಲಿದೆ. ಇಂಥ ಪಾತ್ರದ ಸಂಪೂರ್ಣ ಹಕ್ಕನ್ನು ಇಬ್ಬರೂ ಸೇರಿ ಮಾರಿದ್ದು 130 ಡಾಲರಿಗೆ. ಕೋರ್ಟು ಕಚೇರಿ ಅಲೆದರು, ಸೋತರು. 1975ರ ಕೊನೆಗೆ, ದೊಡ್ಡ ಬಜೆಟ್ಟಿನ ಸಿನಿಮಾ ತಯಾರಾಗುತ್ತಿದ್ದಾಗ, ಅವರ ದುಃಸ್ಥಿತಿ ಪತ್ರಿಕೆಗಳಲ್ಲಿ ಬಂದ ಮೇಲೆ, ಆಗ ಹಕ್ಕು ಹೊಂದಿದ್ದ ವಾರ್ನರ್ ಸಂಸ್ಥೆ ಇಬ್ಬರಿಗೂ ತಲಾ ವರ್ಷಕ್ಕೆ 20,000 ಡಾಲರ್ ಕೊಡಲು ಮತ್ತು ಸೃಷ್ಟಿಕರ್ತರೆಂದು ಹೆಸರು ಹಾಕಲು ಒಪ್ಪಿತು. ಲೇಖನದಲ್ಲಿ ಈ ಭಾಗವಿಲ್ಲದೆ ಮೂವತ್ತು ಖಳನಾಯಕರ ಪಟ್ಟಿಯಿದ್ದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಉಲ್ಲೇಖದ ಬಗ್ಗೆ ಒಂದೇ ಮಾತು. ನಿಮ್ಮ ಕಪಾಟಿನಲ್ಲಿರುವ ಕಾಮಿಕ್ಸ್, ಆ ಕಥೆಯಲ್ಲಿ ಏನಿದೆ ಎಂಬುದಕ್ಕೆ ಸಾಕ್ಷಿಯಾಗಬಲ್ಲದು. ಅದು ಯಾಕೆ ಮುಖ್ಯ, ಯಾರ ಮೇಲೆ ಪ್ರಭಾವ ಬೀರಿತು ಎನ್ನಲು ಇತಿಹಾಸಕಾರರ ಪುಸ್ತಕವೋ ಪತ್ರಿಕಾ ವರದಿಯೋ ಬೇಕು. ಅಭಿಮಾನಿಗಳ ತಾಣ ಆಗದು. ಇಂಗ್ಲಿಷ್ ಲೇಖನದಿಂದ ಅನುವಾದಿಸಿದ್ದರೆ ಬದಲಾವಣೆ ಉಳಿಸುವಾಗ ತುಂಬುವ ಸಂಪಾದನೆಯ ಸಾರಾಂಶದಲ್ಲಿ ಹಾಗೆಂದು ಬರೆಯಿರಿ. ಯಂತ್ರಾನುವಾದವನ್ನು ಹಾಗೆಯೇ ಅಂಟಿಸಬೇಡಿ, ತಿದ್ದುವವರ ಕಷ್ಟ ನಿಮಗೆ ತಿಳಿಯದು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು, ಏಕೆಂದರೆ ನಾಳೆ ಚರ್ಚೆ ಪುಟದಲ್ಲಿ ಇದೇ ಜಗಳವಾಗುತ್ತದೆ. ಮೇಲೆ ‘1938ರ ಜೂನ್ ಸಂಚಿಕೆ’ ಎಂದು ಬರೆದಿದ್ದೇನೆ. ಆದರೆ ಆ ಸಂಚಿಕೆ ಅಂಗಡಿಗೆ ಬಂದದ್ದು ಏಪ್ರಿಲ್ 18ರಂದು. ಎರಡೂ ನಿಜ. ಅಮೆರಿಕದ ಪತ್ರಿಕೆಗಳು ಮುಖಪುಟದಲ್ಲಿ ಕೆಲವು ತಿಂಗಳು ಮುಂದಿನ ಹೆಸರನ್ನು ಹಾಕುತ್ತಿದ್ದವು. ಅಂಗಡಿಯವನು ಹಳೆಯದೆಂದು ಬೇಗ ತೆಗೆದುಹಾಕದಿರಲಿ, ಹೆಚ್ಚು ದಿನ ಮಾರಾಟಕ್ಕಿರಲಿ ಎಂಬುದು ಲೆಕ್ಕ. ಹಾಗಾಗಿ ‘ಸೂಪರ್‌ಮ್ಯಾನ್ ಹುಟ್ಟಿದ್ದು ಜೂನ್‌ನಲ್ಲಿ’ ಎಂದು ಒಬ್ಬರು, ‘ಏಪ್ರಿಲ್‌ನಲ್ಲಿ’ ಎಂದು ಇನ್ನೊಬ್ಬರು ತಿದ್ದುತ್ತಲೇ ಇರುತ್ತಾರೆ. ನೀವು ಕೇಳಿದ ಸಾವಿನ ಸಂಚಿಕೆಗೂ ಇದೇ ತೊಡಕಿದೆ. ‘ಸೂಪರ್‌ಮ್ಯಾನ್’ 75ನೆಯ ಸಂಚಿಕೆಯ ಮುಖಪುಟದ ತಿಂಗಳು 1993ರ ಜನವರಿ, ಅಭಿಮಾನಿಗಳು ಅಂಗಡಿಗೆ ಮುಗಿಬಿದ್ದು ಅದನ್ನು ಕೊಂಡದ್ದು 1992ರ ನವೆಂಬರ್ 18ರಂದು. 1993 ಮುಗಿಯುವ ಮೊದಲೇ ನಾಯಕ ಮರಳಿ ಬಂದಿದ್ದ, ಆದ್ದರಿಂದ ‘ಸಾವಿನವರೆಗೆ’ ಎಂಬ ನಿಮ್ಮ ಯೋಜನೆಗೆ ಅಲ್ಲೂ ಕೊನೆ ಸಿಗುವುದಿಲ್ಲ. ಎರಡು ದಿನಾಂಕಗಳನ್ನೂ ಕೊಡಿ, ಮುಖಪುಟದ್ದು ಯಾವುದು, ಮಾರಾಟದ್ದು ಯಾವುದು ಎಂದು ಬಿಡಿಸಿ ಬರೆಯಿರಿ. ಲೇಖನದ ಬದಿಯ ಮಾಹಿತಿಚೌಕದಲ್ಲಿ ಒಂದಕ್ಕೇ ಜಾಗವಿದ್ದರೆ ಮುಖಪುಟದ ತಿಂಗಳನ್ನು ಹಾಕಿ.